ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡ್: ಕೊಳ್ಳಬೇಕೆ, ಬೇಡವೆ?



ಸಂಜೆ ಹೊತ್ತು ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ಮೇಲಿನ ಹಿಡಿಕೆ ಹಿಡಿದು ನಿಂತವರ ಕೈಗಳನ್ನು ಒಮ್ಮೆ ಗಮನಿಸಿ. ಹತ್ತು ಕೈಗಳಲ್ಲಿ ನಾಲ್ಕೈದರಲ್ಲಾದರೂ ಕಪ್ಪು ಪಟ್ಟಿಯೊಂದು ಕಾಣುತ್ತದೆ. ಅದು ಬರೀ ಗಂಟೆ ತೋರಿಸುವ ಗಡಿಯಾರವಲ್ಲ. ನೀವು ಎಷ್ಟು ನಡೆದಿರಿ, ಎದೆ ಎಷ್ಟು ಬಾರಿ ಬಡಿಯಿತು, ರಾತ್ರಿ ಎಷ್ಟು ಹೊತ್ತು ಮಲಗಿದಿರಿ, ಎಲ್ಲದರ ಲೆಕ್ಕ ಇಡುವ ಪುಟ್ಟ ಗುಮಾಸ್ತ ಅದು. ಹಬ್ಬದ ಸೇಲ್ ಬಂತೆಂದರೆ ಜಾಹೀರಾತುಗಳಲ್ಲೆಲ್ಲ ಇದೇ. ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಕರೆ ಮಾಡುವವರಲ್ಲೂ ಕೆಲವರು ಹಾಡು ಕೇಳಿದ ಮೇಲೆ ಮೆಲ್ಲಗೆ ಕೇಳುತ್ತಾರೆ: "ಈ ಬ್ಯಾಂಡ್ ಕೊಂಡ್ರೆ ನಿಜವಾಗ್ಲೂ ಪ್ರಯೋಜನ ಇದೆಯಾ? ಸುಮ್ನೆ ದುಡ್ಡು ದಂಡವಾ?"

ಪ್ರಶ್ನೆ ಚಿಕ್ಕದು. ಆದರೆ ಉತ್ತರ "ಹೌದು" ಅಥವಾ "ಇಲ್ಲ" ಎಂಬ ಒಂದೇ ಪದದಲ್ಲಿ ಮುಗಿಯುವಂಥದ್ದಲ್ಲ. ಕೊಳ್ಳುವವರು ಯಾರು, ಯಾವ ಉದ್ದೇಶಕ್ಕೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದೊಂದಾಗಿ ನೋಡೋಣ ಬನ್ನಿ.

ಈ ಪಟ್ಟಿಯೊಳಗೆ ಏನಿದೆ?

ಮೊದಲು ಹೆಜ್ಜೆಯ ಲೆಕ್ಕ. ಬ್ಯಾಂಡ್‌ಗೆ ನಿಮ್ಮ ಪಾದ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಕೈ ಬೀಸುವುದು ಮಾತ್ರ. ಆಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಅದರೊಳಗಿದೆ. ಮೊಬೈಲನ್ನು ಅಡ್ಡ ಹಿಡಿದಾಗ ಪರದೆ ತಾನೂ ಅಡ್ಡ ತಿರುಗುತ್ತದಲ್ಲ, ಅದೂ ಇಂಥದೇ ಚಿಪ್ಪಿನ ಕೆಲಸ. ಚಲನೆಯಲ್ಲಿ ಆಗುವ ಬದಲಾವಣೆಯನ್ನು ಇದು ಅಳೆಯುತ್ತದೆ. ಆ ಬದಲಾವಣೆಯಲ್ಲಿ ನಡಿಗೆಯ ಲಯ ಕಂಡರೆ ಒಳಗಿನ ತಂತ್ರಾಂಶ ಒಂದು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ.

ಎಡವಟ್ಟೂ ಇಲ್ಲೇ ಆಗುವುದು. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮಾರುಕಟ್ಟೆಯಿಂದ ಮನೆಗೆ ಬಂದಿರಿ ಅನ್ನಿ. ಕೈ ಬೀಸಲಿಲ್ಲ, ಹಾಗಾಗಿ ಎಷ್ಟೋ ಹೆಜ್ಜೆ ಲೆಕ್ಕಕ್ಕೆ ಸೇರದೇ ಹೋಗಬಹುದು. ಅಂಗಡಿಯಲ್ಲಿ ಟ್ರಾಲಿ ತಳ್ಳುವಾಗಲೂ, ಮಗುವಿನ ಗಾಡಿ ತಳ್ಳುವಾಗಲೂ ಇದೇ ಕಥೆ. ಇನ್ನೊಂದು ಕಡೆ, ಕೂತಲ್ಲೇ ಕೈಯಾಡಿಸಿ ಕೆಲಸ ಮಾಡಿದರೆ ನಡೆಯದ ಹೆಜ್ಜೆಗಳೂ ಒಂದಿಷ್ಟು ಸೇರಿಕೊಳ್ಳಬಹುದು.

ಎರಡನೆಯದು ಎದೆಬಡಿತ. ಬ್ಯಾಂಡಿನ ಹಿಂಬದಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೀವು ನೋಡಿರಬಹುದು. ನಮ್ಮ ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ರಕ್ತನಾಳಗಳಿಗೆ ರಕ್ತ ನುಗ್ಗುತ್ತದೆ, ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಹೆಚ್ಚಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬುದು ಸಿಕ್ಕಿತು. ಪಟ್ಟಿ ಸಡಿಲವಾಗಿದ್ದರೆ, ಕೈ ಜೋರಾಗಿ ಅಲುಗಾಡುತ್ತಿದ್ದರೆ, ಮಣಿಕಟ್ಟಿನ ಮೇಲೆ ದಟ್ಟವಾದ ಹಚ್ಚೆ ಇದ್ದರೆ ಲೆಕ್ಕ ತಪ್ಪುತ್ತದೆ.

ಮೂರನೆಯದು ನಿದ್ದೆ. ನಿದ್ದೆಯ ಹಂತಗಳನ್ನು ಸರಿಯಾಗಿ ಅಳೆಯಬೇಕಾದರೆ ಆಸ್ಪತ್ರೆಯ ನಿದ್ರಾ ಪ್ರಯೋಗಾಲಯದಲ್ಲಿ ತಲೆಗೆ ತಂತಿ ಜೋಡಿಸಿ ಮೆದುಳಿನ ಅಲೆಗಳನ್ನು ದಾಖಲಿಸಬೇಕು. ಕೈಗೆ ಕಟ್ಟಿದ ಪಟ್ಟಿಗೆ ಮೆದುಳಿನ ಸುದ್ದಿ ಎಲ್ಲಿಂದ ಗೊತ್ತಾಗಬೇಕು? ನೀವು ಅಲುಗಾಡದೆ ಬಿದ್ದುಕೊಂಡಿದ್ದೀರಿ, ಎದೆಬಡಿತ ನಿಧಾನವಾಗಿದೆ, ಆದ್ದರಿಂದ ನಿದ್ದೆ ಮಾಡುತ್ತಿರಬೇಕು ಎಂದು ಅದು ಊಹಿಸುತ್ತದೆ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ ಎಂಬುದು ಸುಮಾರಾಗಿ ಸರಿ ಇರುತ್ತದೆ. "ಗಾಢ ನಿದ್ದೆ 52 ನಿಮಿಷ" ಎಂಬಂಥ ಸಾಲನ್ನು ಮಾತ್ರ ಅಂದಾಜು ಎಂದೇ ಓದಿಕೊಳ್ಳಿ.

ಯಾವ ಅಂಕಿಯನ್ನು ನಂಬಬಹುದು?

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಬ್ಯಾಂಡುಗಳನ್ನು 60 ಜನರ ಕೈಗೆ ಕಟ್ಟಿ ಪರೀಕ್ಷೆ ಮಾಡಿದರು. ಎದೆಬಡಿತದ ವಿಷಯದಲ್ಲಿ ಏಳರಲ್ಲಿ ಆರು ಬ್ಯಾಂಡುಗಳ ತಪ್ಪು ಶೇಕಡಾ 5ರ ಒಳಗೇ ಇತ್ತು. ಶಹಬ್ಬಾಸ್ ಅನ್ನಬೇಕು. ಆದರೆ ಕ್ಯಾಲೊರಿ ವಿಷಯಕ್ಕೆ ಬಂದಾಗ ಕಥೆಯೇ ಬೇರೆಯಾಯಿತು. ಇದ್ದುದರಲ್ಲಿ ಉತ್ತಮವಾದ ಬ್ಯಾಂಡ್ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ತೀರಾ ಹಿಂದೆ ಬಿದ್ದದ್ದು ಶೇಕಡಾ 93ರಷ್ಟು!

ಅಂದಿನಿಂದ ಯಂತ್ರಗಳು ಸುಧಾರಿಸಿವೆ, ನಿಜ. ಆದರೆ ಕ್ಯಾಲೊರಿ ಇಂದಿಗೂ ಅಂದಾಜೇ. ನಿಮ್ಮ ವಯಸ್ಸು, ತೂಕ, ಎತ್ತರ, ಎದೆಬಡಿತ ಎಲ್ಲವನ್ನೂ ಒಂದು ಸೂತ್ರಕ್ಕೆ ಹಾಕಿ ತೆಗೆದ ಸಂಖ್ಯೆ ಅದು. ಒಂದೇ ತೂಕದ ಇಬ್ಬರು ಒಂದೇ ದೂರ ನಡೆದರೂ ಖರ್ಚಾಗುವ ಶಕ್ತಿ ಒಂದೇ ಆಗಿರಬೇಕಿಲ್ಲ.

ಇದು ಯಾಕೆ ಮುಖ್ಯ ಅಂದರೆ, "ಇವತ್ತು 400 ಕ್ಯಾಲೊರಿ ಕರಗಿಸಿದ್ದೀನಿ" ಎಂಬ ಧೈರ್ಯದ ಮೇಲೆ ನಾವು ಹೋಟೆಲಿಗೆ ನುಗ್ಗಿ ಒಂದು ಮಸಾಲೆ ದೋಸೆ, ಮೇಲೊಂದು ಕಾಫಿ ಮುಗಿಸಿರುತ್ತೇವೆ. ಯಂತ್ರದ ಲೆಕ್ಕ ತಪ್ಪಿದ್ದರೆ ಜಮಾ ಇಲ್ಲದ ಖಾತೆಯಿಂದ ದುಡ್ಡು ತೆಗೆದ ಹಾಗಾಯಿತು. ಆದ್ದರಿಂದ ಹೆಜ್ಜೆ ಮತ್ತು ಎದೆಬಡಿತವನ್ನು ಸುಮಾರಾಗಿ ನಂಬಿ, ನಿದ್ದೆಯನ್ನು ಅರ್ಧ ನಂಬಿ. ಕ್ಯಾಲೊರಿಯನ್ನು ನೋಡಿ ಊಟದ ತಟ್ಟೆ ತೀರ್ಮಾನಿಸಬೇಡಿ.

ಹತ್ತು ಸಾವಿರ ಹೆಜ್ಜೆ ಎಲ್ಲಿಂದ ಬಂತು?

ಬ್ಯಾಂಡ್ ಕಟ್ಟಿದ ಕೂಡಲೇ ಅದು ನಿಮ್ಮ ಮುಂದಿಡುವ ಗುರಿ ಬಹುಪಾಲು 10,000 ಹೆಜ್ಜೆ. ಇದು ಯಾವುದೋ ವೈದ್ಯಕೀಯ ಪರಿಷತ್ತು ಕೂತು ನಿರ್ಧರಿಸಿದ್ದು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅಸಲಿಗೆ ಇದು ಜಪಾನಿನ ಒಂದು ಕಂಪನಿಯ ಜಾಣತನ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ಸ್ ನಡೆಯಿತು. ಜನರಿಗೆ ವ್ಯಾಯಾಮದ ಹುಚ್ಚು ಹಿಡಿದಿತ್ತು. ಅದರ ಮರುವರ್ಷ, 1965ರಲ್ಲಿ, ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಮಾಪಕವನ್ನು ಮಾರಾಟಕ್ಕೆ ಬಿಟ್ಟಿತು. ಅದರ ಹೆಸರೇ "ಮಾನ್‌ಪೋ-ಕೇ", ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೇಳಲು ಚೆಂದ, ನೆನಪಿಡಲು ಸುಲಭ. ಹೆಸರು ಗುರಿಯಾಯಿತು, ಗುರಿ ಜಗತ್ತನ್ನೆಲ್ಲ ಸುತ್ತಿತು.

ಹಾಗಾದರೆ ಎಷ್ಟು ನಡೆದರೆ ಸಾಕು? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ಸುಮಾರು 17 ಸಾವಿರ ಹಿರಿಯ ಮಹಿಳೆಯರದ್ದು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಎದ್ದುಕಾಣುವಷ್ಟು ಕಡಿಮೆ ಇತ್ತು. ಲಾಭ ಸುಮಾರು 7,500 ಹೆಜ್ಜೆಗಳವರೆಗೆ ಹೆಚ್ಚುತ್ತಾ ಹೋಗಿ, ಆಮೇಲೆ ಅಲ್ಲಿಗೇ ನಿಂತಿತು. 2025ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಮರ್ಶೆ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ದಿನಕ್ಕೆ 7,000 ಹೆಜ್ಜೆ ಒಳ್ಳೆಯ ಹಾಗೂ ಕೈಗೆಟಕುವ ಗುರಿ ಎಂದಿತು. ಆರೋಗ್ಯ ಚೆನ್ನಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಆದರೂ ಒಂದು ಮಾತು ಸ್ಪಷ್ಟ: ತೀರಾ ಕಡಿಮೆ ನಡೆಯುವವರು ಸ್ವಲ್ಪ ಹೆಚ್ಚಿಸಿದರೂ ಅದಕ್ಕೆ ಬೆಲೆ ಇದೆ. 9,400ಕ್ಕೆ ನಿಂತುಹೋಯಿತಲ್ಲ ಎಂದು ರಾತ್ರಿ ಹನ್ನೊಂದಕ್ಕೆ ಫ್ಲ್ಯಾಟಿನ ಹಾಲ್‌ನಲ್ಲಿ ಗಿರಕಿ ಹೊಡೆಯುವ ಅಗತ್ಯವಿಲ್ಲ.

ಕಟ್ಟಿಕೊಂಡ ಮಾತ್ರಕ್ಕೆ ತೂಕ ಇಳಿಯುತ್ತದೆಯೇ?

ಇಲ್ಲೊಂದು ಸ್ವಾರಸ್ಯವಿದೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 18ರಿಂದ 35 ವರ್ಷದೊಳಗಿನ 471 ಜನರನ್ನು ಎರಡು ವರ್ಷ ಗಮನಿಸಿದರು. ಎಲ್ಲರೂ ತೂಕ ಇಳಿಸಬೇಕೆಂದವರೇ. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಸಿಕ್ಕಿತು. ಆರು ತಿಂಗಳ ನಂತರ ಒಂದು ಗುಂಪಿಗೆ ದೇಹಕ್ಕೆ ಕಟ್ಟಿಕೊಳ್ಳುವ ಮಾಪಕವನ್ನೂ ಕೊಟ್ಟರು. ಇನ್ನೊಂದು ಗುಂಪಿನವರು ತಾವೇ ಲೆಕ್ಕ ಬರೆದುಕೊಂಡರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾಪಕವಿಲ್ಲದವರು ಸರಾಸರಿ 5.9 ಕಿಲೋ ಇಳಿದಿದ್ದರು. ಮಾಪಕ ಕಟ್ಟಿಕೊಂಡವರು 3.5 ಕಿಲೋ ಮಾತ್ರ!

ಅದೇ ವರ್ಷ ಸಿಂಗಪುರದಿಂದಲೂ ಒಂದು ಅಧ್ಯಯನ ಬಂತು. 800 ನೌಕರರ ಮೇಲೆ ನಡೆದದ್ದು. ಮೊದಲ ಆರು ತಿಂಗಳು ಕೆಲವರಿಗೆ ಬರೀ ಮಾಪಕ, ಕೆಲವರಿಗೆ ಮಾಪಕದ ಜೊತೆಗೆ ಬಹುಮಾನದ ಆಸೆ. ಬಹುಮಾನ ಇರುವಷ್ಟು ದಿನ ಹೆಜ್ಜೆ ಏರಿತು. ವರ್ಷ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಒಬ್ಬರ ಬಳಿ ಮಾತ್ರ ಮಾಪಕ ಇನ್ನೂ ಬಳಕೆಯಲ್ಲಿತ್ತು.

ಹಾಗೆಂದು ಇದೆಲ್ಲ ವ್ಯರ್ಥ ಎಂದೂ ತೀರ್ಪು ಕೊಡುವಂತಿಲ್ಲ. 2022ರಲ್ಲಿ ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ವಿಮರ್ಶೆಯೊಂದು ನೂರಾರು ಪ್ರಯೋಗಗಳ ಸಾರವನ್ನು ಒಟ್ಟುಮಾಡಿತು. ಮಾಪಕ ಬಳಸಿದವರು ದಿನಕ್ಕೆ ಸರಾಸರಿ 1,800 ಹೆಜ್ಜೆ ಹೆಚ್ಚು ನಡೆದಿದ್ದರು. ತೂಕ ಸುಮಾರು ಒಂದು ಕಿಲೋ ಇಳಿದಿತ್ತು. ಒಂದು ಕಿಲೋ ಅಂದರೆ ಜಾಹೀರಾತಿನ ಹುಡುಗ ಹುಡುಗಿಯರ ಮೈಕಟ್ಟು ಬರುವುದಿಲ್ಲ. ಆದರೆ ದಿನಕ್ಕೆ 1,800 ಹೆಜ್ಜೆ ಅಂದರೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ಅದು ಸಣ್ಣ ಲಾಭವಲ್ಲ.

ಇವನ್ನೆಲ್ಲ ಸೇರಿಸಿ ನೋಡಿದರೆ ತಿಳಿಯುವುದು ಇಷ್ಟು: ಬ್ಯಾಂಡ್ ನಡೆಸುವುದಿಲ್ಲ, ನೆನಪಿಸುತ್ತದೆ. ನೆನಪಿಸಿದರೆ ಏಳುವ ಸ್ವಭಾವದವರಿಗೆ ಅದು ಉಪಕಾರಿ. ಅಲಾರಂ ಹೊಡೆದುಕೊಂಡರೆ ಅದರ ತಲೆ ಅದುಮಿ ಮತ್ತೆ ಮಲಗುವವರು, ಬ್ಯಾಂಡಿನ ತಲೆಯನ್ನೂ ಹಾಗೇ ಅದುಮುತ್ತಾರೆ.

ಅದು ಡಾಕ್ಟರ್ ಅಲ್ಲ

ದುಡ್ಡು ಹೋದರೆ ಇನ್ನೊಂದು ತಿಂಗಳಿಗೆ ಬಂದೀತು. ಆದರೆ ಈ ಭಾಗದಲ್ಲಿ ಹೇಳುವ ವಿಷಯದಲ್ಲಿ ಎಡವಿದರೆ ಜೀವಕ್ಕೇ ಸಂಚಕಾರ. ದಯವಿಟ್ಟು ಗಮನವಿಟ್ಟು ಓದಿ.

ಒಂದನೆಯದಾಗಿ ಹೃದಯಾಘಾತ. ಕೈಗಡಿಯಾರ ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ. ಇಸಿಜಿ ತೆಗೆಯುವ ದುಬಾರಿ ಗಡಿಯಾರಗಳೂ ಮಾಡುವುದಿಲ್ಲ, ತಯಾರಕರೇ ಹಾಗೆಂದು ಬರೆದುಕೊಟ್ಟಿರುತ್ತಾರೆ. ಅವು ಗುರುತಿಸಬಲ್ಲದ್ದು ಏಟ್ರಿಯಲ್ ಫಿಬ್ರಿಲೇಶನ್ ಎಂಬ, ಬಡಿತದ ಲಯ ತಪ್ಪುವ ತೊಂದರೆಯನ್ನು. ಅದು ಉಪಯುಕ್ತವೇ, ಏಕೆಂದರೆ ಆ ತೊಂದರೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು. 2019ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಎಚ್ಚರಿಕೆಯ ಸಂದೇಶ ಬಂದದ್ದು ಶೇಕಡಾ ಅರ್ಧದಷ್ಟು ಮಂದಿಗೆ. ಹಾಗೆ ಸಂದೇಶ ಬಂದವರಲ್ಲಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಆ ತೊಂದರೆ ಕಂಡುಬಂತು. ಎಚ್ಚರಿಕೆ ಬಂದರೆ ಗಾಬರಿಯಾಗದೆ ವೈದ್ಯರ ಬಳಿ ಹೋಗಿ. ಆದರೆ ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ನೋವು ಹರಡಿ, ಬೆವರು ಕಿತ್ತುಕೊಂಡು ಬಂದಾಗ ಗಡಿಯಾರ ನೋಡುತ್ತ ಕೂರಬೇಡಿ. "ಪಲ್ಸ್ 78 ಇದೆ, ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಯುವ ಹೊತ್ತಲ್ಲ ಅದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಇಷ್ಟು ದೊಡ್ಡ ಸಂತೆಯಲ್ಲಿ ಸುಳ್ಳು ಮಾರುವವರು ಇರದೇ ಇರುತ್ತಾರೆಯೇ? ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ಗಡಿಯಾರ, ಉಂಗುರಗಳ ಜಾಹೀರಾತು ನೀವೂ ನೋಡಿರಬಹುದು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಎಫ್‌ಡಿಎ, ಇಂಥವುಗಳನ್ನು ಬಳಸಬೇಡಿ, ಹೀಗೆ ತಾವಾಗಿಯೇ ಸಕ್ಕರೆ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಎಂದು ಎಚ್ಚರಿಸಿತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆಯೇ ತಪ್ಪಬಹುದು. ತೋಳಿಗೆ ಅಂಟಿಸಿಕೊಳ್ಳುವ ಸಿಜಿಎಂ ಎಂಬ ಸಾಧನ ಬೇರೆ. ಅದರಲ್ಲಿ ಚರ್ಮದೊಳಗೆ ಇಳಿಯುವ ಸಣ್ಣ ಎಳೆ ಇರುತ್ತದೆ.

ಮೂರನೆಯದು ರಕ್ತದೊತ್ತಡ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಅಳೆಯುವ ವಿಧಾನಕ್ಕೆ ಅಗ್ಗದ ಬ್ಯಾಂಡಿನ ಬೆಳಕಿನ ಅಂದಾಜು ಸಮನಲ್ಲ. ಈ ಸೌಲಭ್ಯ ಕೊಟ್ಟಿರುವ ಸ್ಯಾಮ್‌ಸಂಗ್ ಕೂಡ ತನ್ನ ಗಡಿಯಾರವನ್ನು 28 ದಿನಕ್ಕೊಮ್ಮೆ ತೋಳಿನ ಬಿಪಿ ಯಂತ್ರದ ಜೊತೆ ತಾಳೆ ನೋಡಿಕೊಳ್ಳಬೇಕು ಎನ್ನುತ್ತದೆ. ಅಂದಮೇಲೆ ಬಿಪಿ ಇರುವವರು ಮೊದಲು ಕೊಳ್ಳಬೇಕಾದದ್ದು ಯಾವುದು? ಆ ತೋಳಿನ ಯಂತ್ರವನ್ನೇ ಅಲ್ಲವೇ?

ಊರಲ್ಲಿರುವ ಅಪ್ಪ-ಅಮ್ಮನಿಗೆ ಕಳಿಸೋಣವೇ?

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ದೊಡ್ಡ ಪ್ರಶ್ನೆ. ಅಪ್ಪ ಅಮ್ಮ ಧಾರವಾಡದಲ್ಲೋ ಕುಂದಾಪುರದಲ್ಲೋ ಕಲಬುರಗಿಯಲ್ಲೋ ಇಬ್ಬರೇ ಇರುತ್ತಾರೆ. ದೂರದಲ್ಲಿರುವ ನಮಗೆ ಒಳಗೊಳಗೇ ಅಳುಕು. ಒಂದು ಸ್ಮಾರ್ಟ್ ವಾಚ್ ಕಳಿಸಿದರೆ ಅವರ ಆರೋಗ್ಯ ನಮ್ಮ ಮೊಬೈಲಿನಲ್ಲೇ ಕಾಣುತ್ತದೆಯಲ್ಲ ಎಂಬ ಆಸೆ.

ಕೆಲವು ದುಬಾರಿ ಗಡಿಯಾರಗಳಲ್ಲಿ ಬಿದ್ದರೆ ಗುರುತಿಸಿ ಕರೆ ಮಾಡುವ ಸೌಲಭ್ಯ ಇದೆ. ಆ್ಯಪಲ್ 2018ರಿಂದಲೇ ಕೊಡುತ್ತಿದೆ. ಆದರೆ ಅದು ಕೆಲಸ ಮಾಡಬೇಕಾದರೆ ಗಡಿಯಾರ ಚಾರ್ಜ್ ಆಗಿರಬೇಕು, ಕೈಯಲ್ಲೇ ಇರಬೇಕು, ಫೋನ್ ಹತ್ತಿರವಿರಬೇಕು ಇಲ್ಲವೇ ಗಡಿಯಾರಕ್ಕೇ ಸಿಮ್ ಸಂಪರ್ಕ ಇರಬೇಕು. ಹಿರಿಯರು ಹೆಚ್ಚಾಗಿ ಜಾರಿ ಬೀಳುವುದು ಬಚ್ಚಲುಮನೆಯಲ್ಲಿ. ಸ್ನಾನಕ್ಕೆ ಹೋಗುವಾಗ ಅವರು ಮೊದಲು ಬಿಚ್ಚಿಡುವುದೇ ಗಡಿಯಾರ! ಅದರ ಪರದೆಯ ಅಕ್ಷರ ಎಷ್ಟು ಸಣ್ಣದು, ಕನ್ನಡದಲ್ಲಿ ಬರುತ್ತದೆಯೇ ಎಂಬುದನ್ನೂ ನೋಡಬೇಕು. ಓದಲಾಗದ ಎಚ್ಚರಿಕೆ ಧೈರ್ಯ ಕೊಡುವುದಿಲ್ಲ, ದಿಗಿಲು ಹುಟ್ಟಿಸುತ್ತದೆ.

ಕಳಿಸುವ ಮುಂಚೆ ಅವರನ್ನೇ ಒಂದು ಮಾತು ಕೇಳಿ. ಬೇಕು ಎಂದರೆ ಸಂತೋಷ. ಬೇಡ ಎಂದರೆ ಅದೇ ದುಡ್ಡಿನಲ್ಲಿ ಬಚ್ಚಲಿಗೆ ಹಿಡಿಕೆ, ಜಾರದ ಚಾಪೆ, ತೋಳಿನ ಬಿಪಿ ಯಂತ್ರ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಎಲ್ಲವನ್ನೂ ಮಾಡಿಸಬಹುದು. ದಿನಕ್ಕೊಂದು ಫೋನ್ ಕರೆಗೆ ಬದಲಿಯಾದ ಯಂತ್ರ ಇನ್ನೂ ಬಂದಿಲ್ಲ.

ಬೆಲೆಯ ಹಿಂದಿನ ಬೆಲೆ

ಪೆಟ್ಟಿಗೆಯ ಮೇಲೆ ಬರೆದ ದರವೇ ಪೂರ್ತಿ ದರವಲ್ಲ. ಕೆಲವು ಉಂಗುರ, ಬ್ಯಾಂಡುಗಳಿಗೆ ವರ್ಷ ವರ್ಷವೂ ಚಂದಾ ಕಟ್ಟಬೇಕು. ಕಟ್ಟದಿದ್ದರೆ ಬಹುಪಾಲು ಮಾಹಿತಿ ಕಾಣುವುದಿಲ್ಲ. ಒಳಗಿನ ಬ್ಯಾಟರಿಯನ್ನು ಸಾಮಾನ್ಯವಾಗಿ ಬದಲಾಯಿಸಲು ಬರುವುದಿಲ್ಲ, ಅದು ಸೋತರೆ ಬ್ಯಾಂಡೇ ಸೋತಂತೆ. ಕಂಪನಿ ಮುಚ್ಚಿದರೂ ಕಷ್ಟ. ಒಂದು ಕಾಲಕ್ಕೆ ಹೆಸರು ಮಾಡಿದ್ದ ಜಾಬೋನ್ ಕಂಪನಿ 2017ರಲ್ಲಿ ಬಾಗಿಲು ಹಾಕಿತು. ನೈಕಿ ತನ್ನ ಫ್ಯುಯೆಲ್‌ಬ್ಯಾಂಡನ್ನು 2012ರಲ್ಲಿ ತಂದು ಎರಡೇ ವರ್ಷದಲ್ಲಿ ಕೈಬಿಟ್ಟಿತು. ಚರ್ಮದ ಮೇಲೂ ಕಣ್ಣಿರಲಿ. ಫಿಟ್‌ಬಿಟ್‌ನ ಫೋರ್ಸ್ ಎಂಬ ಬ್ಯಾಂಡಿನಿಂದ ಹಲವರಿಗೆ ತುರಿಕೆ, ಗುಳ್ಳೆಗಳಾಗಿ 2014ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸು ಪಡೆಯಬೇಕಾಯಿತು.

ಇನ್ನೊಂದು ಬೆಲೆ ನಮ್ಮ ಮಾಹಿತಿ. ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಎಲ್ಲಿ ನಡೆಯುತ್ತೀರಿ ಎಂಬುದೆಲ್ಲ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಾಡಿದ ದಾರಿಗಳನ್ನೆಲ್ಲ ಸೇರಿಸಿ ಜಗತ್ತಿನ ನಕ್ಷೆ ಮಾಡಿತ್ತು. 2018ರ ಜನವರಿಯಲ್ಲಿ ಅದನ್ನು ಪರಿಶೀಲಿಸಿದವರಿಗೆ ಮರುಭೂಮಿಯ ನಡುವೆ ಮಿನುಗುವ ಗೆರೆಗಳು ಕಂಡವು. ನೋಡಿದರೆ ಅವು ಸೈನಿಕರು ವ್ಯಾಯಾಮಕ್ಕೆ ಓಡುತ್ತಿದ್ದ ದಾರಿಗಳು, ಅಂದರೆ ಸೇನಾ ನೆಲೆಗಳು! ಸೈನ್ಯದ ಗುಟ್ಟೇ ಹೀಗೆ ಬಯಲಾದರೆ ನಮ್ಮ ಬೆಳಗಿನ ವಾಕಿಂಗಿನದ್ದು ಯಾವ ಲೆಕ್ಕ? ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಆದರೂ ಆ್ಯಪ್ ಹಾಕಿಕೊಂಡ ದಿನವೇ ನಿಮ್ಮ ಓಡಾಟ ಇತರರಿಗೆ ಕಾಣದಂತೆ ಸೆಟ್ಟಿಂಗ್ ಬದಲಾಯಿಸಿಕೊಳ್ಳುವುದು ಜಾಣತನ. ಒಂಟಿಯಾಗಿ ನಡೆಯುವ ಹೆಣ್ಣುಮಕ್ಕಳಂತೂ ಇದನ್ನು ಮರೆಯಬಾರದು.

ಕೊನೆಯದಾಗಿ ಮನಸ್ಸಿನ ಬೆಲೆ. ನಿದ್ದೆಯ ಅಂಕ ಕಡಿಮೆ ಬಂತಲ್ಲ ಎಂಬ ಚಿಂತೆಯಲ್ಲೇ ನಿದ್ದೆ ಕೆಡಿಸಿಕೊಳ್ಳುವವರಿದ್ದಾರೆ. 2017ರಲ್ಲಿ ಸಂಶೋಧಕರು ಇದಕ್ಕೆ "ಆರ್ಥೋಸೋಮ್ನಿಯಾ" ಎಂದು ಹೆಸರನ್ನೇ ಇಟ್ಟರು. ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿದ್ದರೆ ಚೆನ್ನಾಗಿ ನಿದ್ದೆಯಾಯಿತು ಎಂದೇ ಅರ್ಥ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಕೊಳ್ಳುವ ಮುನ್ನ ಮೂರು ವಾರದ ಪರೀಕ್ಷೆ

ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲೂ ಹೆಜ್ಜೆ ಎಣಿಸುವ ಚಿಪ್ ಇದೆ. ಅದಕ್ಕೆ ಬಿಡಿಗಾಸೂ ಖರ್ಚಿಲ್ಲ. 2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿದಾಗ ಫೋನಿನ ಲೆಕ್ಕ ಬ್ಯಾಂಡುಗಳ ಲೆಕ್ಕಕ್ಕಿಂತ ಹಿಂದೆ ಬೀಳಲಿಲ್ಲ. ಆದ್ದರಿಂದ ದುಡ್ಡು ಹಾಕುವ ಮೊದಲು ಹೀಗೆ ಮಾಡಿ ನೋಡಿ.

ಮೊದಲ ವಾರ: ಫೋನನ್ನು ಜೇಬಿನಲ್ಲಿಟ್ಟುಕೊಂಡು ಎಂದಿನಂತೆ ಓಡಾಡಿ. ಏನನ್ನೂ ಬದಲಿಸಬೇಡಿ. ಪ್ರತಿ ರಾತ್ರಿ ಹೆಜ್ಜೆಯ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆಯಿರಿ. ವಾರದ ಕೊನೆಗೆ ಸರಾಸರಿ ತೆಗೆಯಿರಿ.

ಎರಡನೇ ವಾರ: ಆ ಸರಾಸರಿಗೆ ಒಂದು ಸಾವಿರ ಸೇರಿಸಿ. ಒಂದು ಸ್ಟಾಪ್ ಮುಂಚೆ ಇಳಿಯಿರಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಊಟವಾದ ಮೇಲೆ ಸೊಸೈಟಿಯ ಅಂಗಳದಲ್ಲಿ ಎರಡು ಸುತ್ತು ಹಾಕಿ.

ಮೂರನೇ ವಾರ: ವೇಗಕ್ಕೆ ಗಮನ ಕೊಡಿ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಬಿದ್ದರೆ ಅದನ್ನು ಬಿರುಸು ನಡಿಗೆ ಎನ್ನಬಹುದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ, ಮಾತೇ ಕಸುಬಾದ ನಮ್ಮಂಥ ಉದ್ಘೋಷಕರಿಗೆ ತುಂಬ ಇಷ್ಟವಾಗುವಂಥದ್ದು: ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಹಾಡಲು ಬಂದರೆ ವೇಗ ಸಾಲದು. ಮಾತಾಡಲೂ ಆಗದಿದ್ದರೆ ವೇಗ ಹೆಚ್ಚಾಯಿತು. ಅರ್ಧ ಗಂಟೆ ಹೀಗೆ ನಡೆದರೆ 3,000 ಹೆಜ್ಜೆ. ವಾರಕ್ಕೆ ಐದು ದಿನ ಮಾಡಿದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಕನಿಷ್ಠ ಪ್ರಮಾಣವೂ ಇದೇ. ಇಯರ್‌ಫೋನ್‌ನಲ್ಲಿ ಅರ್ಧ ಗಂಟೆ ಕನ್ನಡ ಹಾಡು ಕೇಳುತ್ತ ನಡೆದರೆ ಎರಡೂ ಕೆಲಸ ಆಯಿತು. ರಸ್ತೆ ದಾಟುವಾಗ ಮಾತ್ರ ಹಾಡು ನಿಲ್ಲಿಸಿ.

ಹೃದ್ರೋಗ, ಮಂಡಿನೋವು, ಸಕ್ಕರೆ ಕಾಯಿಲೆ ಇರುವವರು ವೇಗ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ. ದೆಹಲಿಯ ಚಳಿಗಾಲದಲ್ಲಿ ಗಾಳಿ ಕೆಟ್ಟ ದಿನ, ಚೆನ್ನೈನ ಮೇ ತಿಂಗಳ ಮಧ್ಯಾಹ್ನ ಹೆಜ್ಜೆಯ ಗುರಿಗಾಗಿ ಹೊರಗೆ ಹೋಗಬೇಡಿ. "ಇನ್ನೂ 2,000 ಬಾಕಿ" ಎಂದು ಕೈಯಲ್ಲಿ ಗುರುಗುಟ್ಟುವ ಯಂತ್ರಕ್ಕೆ ನಿಮ್ಮ ಶ್ವಾಸಕೋಶದ ಚಿಂತೆ ಇಲ್ಲ.

ಈಗ ಫಲಿತಾಂಶ. ಮೂರು ವಾರವೂ ಬರೆದಿಟ್ಟಿರಾ, ಹೆಜ್ಜೆಯೂ ಏರಿತೇ? ನಿಮಗೆ ಅಂಕಿಗಳಿಂದ ಉತ್ಸಾಹ ಬರುತ್ತದೆ ಎಂದಾಯಿತು. ಬ್ಯಾಂಡ್ ಕೊಂಡರೆ ಬಳಸುತ್ತೀರಿ. ನಾಲ್ಕನೇ ದಿನಕ್ಕೇ ಬರೆಯುವುದು ಬಿಟ್ಟಿರಾ? ಹಾಗಾದರೆ ಬ್ಯಾಂಡೂ ನಾಲ್ಕನೇ ತಿಂಗಳಿಗೆ ಕಪಾಟು ಸೇರುವ ಸಂಭವವೇ ಹೆಚ್ಚು. ನಿಮಗೆ ಬೇಕಾದದ್ದು ಯಂತ್ರಕ್ಕಿಂತ ಜೊತೆಗಾರ. ಪಕ್ಕದ ಮನೆಯವರನ್ನೋ ಕನ್ನಡ ಸಂಘದ ಗೆಳೆಯರನ್ನೋ ಕರೆದುಕೊಂಡು ಹೊರಡಿ.

ಯಾರಿಗೆ ಬೇಕು, ಯಾರಿಗೆ ಬೇಡ?

ಫೋನ್ ಜೇಬಿನಲ್ಲಿ ಇಟ್ಟುಕೊಳ್ಳಲಾಗದವರಿಗೆ, ಉದಾಹರಣೆಗೆ ಸೀರೆ ಉಡುವವರಿಗೆ, ಫೋನ್ ಒಳಗೆ ಬಿಡದ ಕಡೆ ಕೆಲಸ ಮಾಡುವವರಿಗೆ ಬ್ಯಾಂಡ್ ಅನುಕೂಲ. ಓಟ, ಸೈಕಲ್ ಅಭ್ಯಾಸ ಮಾಡುತ್ತ ಎದೆಬಡಿತ ನೋಡಿ ವೇಗ ಹೊಂದಿಸಿಕೊಳ್ಳುವವರಿಗೂ ಬೇಕು. ದಿನವಿಡೀ ಕುರ್ಚಿಗೆ ಅಂಟಿಕೊಂಡು, "ಎದ್ದೇಳಿ" ಎಂದು ಯಾರಾದರೂ ತಟ್ಟಲಿ ಎನ್ನುವವರಿಗೂ ಆದೀತು. ಈಗಾಗಲೇ ದಿನವೂ ತಪ್ಪದೆ ನಡೆಯುವವರಿಗೆ, ಅಂಕಿ ಕಂಡರೆ ಆತಂಕಪಡುವವರಿಗೆ, ಸಕ್ಕರೆ-ಬಿಪಿ ಅಳೆಯಲೆಂದೇ ಕೊಳ್ಳುವವರಿಗೆ ಬೇಡ.

ಕೊಳ್ಳುವುದೇ ಆದರೆ ಇಷ್ಟು ನೋಡಿ:

1. ಹೆಜ್ಜೆ, ಎದೆಬಡಿತ, ನೀರು ತಡೆಯುವ ಗುಣ, ವಾರಗಟ್ಟಲೆ ಬರುವ ಬ್ಯಾಟರಿ. ಬಹುಪಾಲು ಜನರಿಗೆ ಇಷ್ಟು ಸಾಕು, ಇದು ಸಾಧಾರಣ ಬೆಲೆಯ ಬ್ಯಾಂಡಿನಲ್ಲೇ ಸಿಗುತ್ತದೆ.
2. "ನೂರು ಬಗೆಯ ಕ್ರೀಡೆ" ಎಂಬ ಸಾಲಿಗೆ ಮರುಳಾಗಬೇಡಿ. ನೀವು ಆಡುವುದು ಎಷ್ಟು?
3. ಚಂದಾ ಇದೆಯೇ, ನಿಮ್ಮ ಫೋನಿಗೆ ಹೊಂದುತ್ತದೆಯೇ, ನಿಮ್ಮ ಊರಿನಲ್ಲಿ ಸರ್ವಿಸ್ ಇದೆಯೇ, ವಾರಂಟಿ ಎಷ್ಟು ಎಂದು ಕೇಳಿ.
4. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ, ಅಲುಗಾಡದಂತೆ, ಆದರೆ ಬಿಗಿಯಾಗದಂತೆ ಕಟ್ಟಿ. ಬೆವರು ಒರೆಸಿ, ಒಣಗಿಸಿ.
5. ಗುರಿಯನ್ನು ನೀವೇ ಇಟ್ಟುಕೊಳ್ಳಿ. ಕಂಪನಿಯ 10,000ಕ್ಕಿಂತ ನಿಮ್ಮ ಸರಾಸರಿಗೆ ಒಂದು ಸಾವಿರ ಸೇರಿಸಿದ್ದು ಒಳ್ಳೆಯದು.
6. ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಬಿಪಿ ತಪಾಸಣೆ ಮಾಡಿಸಿದ್ದೀರಾ? ಇಲ್ಲವಾದರೆ ಈ ಹಬ್ಬದ ದುಡ್ಡನ್ನು ಮೊದಲು ಅದಕ್ಕೇ ಇಡಿ, ಬ್ಯಾಂಡ್ ಮುಂದಿನ ಹಬ್ಬಕ್ಕೆ ಇರಲಿ.

ಮುಂಬಯಿಯ ಶಿವಾಜಿ ಪಾರ್ಕ್ ಆಗಲಿ, ಪುಣೆಯ ಪರ್ವತಿ ಬೆಟ್ಟದ ಮೆಟ್ಟಿಲಾಗಲಿ, ಚೆನ್ನೈನ ಮರೀನಾ ಆಗಲಿ, ಹೈದರಾಬಾದಿನ ಹುಸೇನ್ ಸಾಗರದ ದಂಡೆಯಾಗಲಿ, ದೆಹಲಿಯ ಲೋದಿ ಉದ್ಯಾನವಾಗಲಿ, ಅಲ್ಲಿ ನಡೆಯಲು ಬೇಕಾದದ್ದು ಒಂದು ಜೊತೆ ಒಳ್ಳೆಯ ಬೂಟು ಮತ್ತು ಅರ್ಧ ಗಂಟೆ. ಉಳಿದದ್ದೆಲ್ಲ ನಿಮ್ಮ ಇಷ್ಟ.

ಮೂರು ವಾರದ ಪರೀಕ್ಷೆ ಮಾಡಿದವರು ನಮ್ಮ ಕಾರ್ಯಕ್ರಮಕ್ಕೆ ಕರೆ ಮಾಡಿ ತಿಳಿಸಿ. ಮೊದಲ ವಾರದ ಸರಾಸರಿ ಎಷ್ಟು, ಮೂರನೇ ವಾರದ್ದು ಎಷ್ಟು ಎಂದು ಹೇಳಿದರೆ ಸಾಕು, ನಿಮ್ಮ ಮೆಚ್ಚಿನ ಹಾಡು ನಮ್ಮ ಕಡೆಯಿಂದ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಕೇಳುತ್ತಿರಿ, ನಡೆಯುತ್ತಿರಿ.